ಲವಂಗ ಚುಚ್ಚಿದ ಸುರುಳಿ

ಮಗಳ ಹುಟ್ಟುಹಬ್ಬದ ಪಾರ್ಟಿಗೆಂದು ರಾಜೇಶ್ವರಿ ಮೊಬೈಲಿನಲ್ಲಿ ಬೇಕನ್ ಎಂಬ ಹಂದಿಮಾಂಸದ ತೆಳು ಪಟ್ಟಿ ಸುತ್ತಿದ ಸ್ಟಾರ್ಟರ್ ನೋಡಿಟ್ಟುಕೊಂಡಿದ್ದಳು. ದೊಡವಾಡದ ಆ ಮನೆಯೊಳಗೆ ಮೊಟ್ಟೆಯೇ ಬರುವಂತಿರಲಿಲ್ಲ, ಹಂದಿಯ ಮಾತು ದೂರವೇ ಉಳಿಯಿತು. ಅವಳು ಬೇಯಿಸಿದ ಎಲೆಕೋಸಿನ ಎಲೆಯಲ್ಲಿ ಖಾರದ ಪನೀರ್ ಸುತ್ತಿದಳು. ಸುರುಳಿ ಬಿಚ್ಚಿಕೊಳ್ಳುವುದನ್ನು ಕಂಡು ಅತ್ತೆ ಸೋಮವ್ವ ಒಂದೊಂದಕ್ಕೂ ಲವಂಗ ಚುಚ್ಚಿಕೊಟ್ಟರು.

ಊಟಕ್ಕೆ ಮೊದಲೇ ಹಂಚಿದರೂ ಯಾರೂ ಬಾಯಿಗೆ ಹಾಕಲಿಲ್ಲ. ಲವಂಗ ಕಂಡವರೆಲ್ಲ ಬೀಡಾ ಎಂದೇ ತಿಳಿದು, ಉಂಡ ಮೇಲೆ ತಿಂದರಾಯಿತೆಂದು ತಾಟಿನ ಅಂಚಿಗೆ ಸರಿಸಿದರು. ರಾಜೇಶ್ವರಿಯ ಮುಖ ಸಣ್ಣದಾಯಿತು.

ಹೊಟ್ಟೆ ತುಂಬ ಉಂಡ ಮಾವ ದುಂಡಪ್ಪ ಕೊನೆಗೆ ಆ ಸುರುಳಿಯನ್ನು ಬಾಯಿಗಿಟ್ಟು ಜಗಿದರು. ಆಮೇಲೆ ಸರಿಸಿದ್ದ ತಾಟನ್ನು ಮತ್ತೆ ಮುಂದಕ್ಕೆಳೆದುಕೊಂಡರು.

“ರಾಜವ್ವ, ನಿನ್ನ ಬೀಡಾ ತಿಂದು ಮತ್ತ ಹಸಿವಿ ಆತು ನೋಡವಾ. ಇನ್ನೊಂದು ರೊಟ್ಟಿ ನೀಡು.”