ಬೋರೇದೇವರ ಗುಡ್ಡದ ಮೂರು ಕಲ್ಲು

2024ರ ನವೆಂಬರ್ 24, ಭಾನುವಾರ, ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಧರ್ಮೇಂದ್ರ ಬೋರೇದೇವರ ಗುಡ್ಡದ ನೆತ್ತಿಯ ಮೇಲೆ ನಿಂತು ಕೈಪಿಡಿಯ ಹನ್ನೊಂದನೆಯ ಪುಟವನ್ನು ಗಟ್ಟಿಯಾಗಿ ಓದಿದ: “ದೀಪದ ಕಂಬದಿಂದ ಮುಂದೆ ಬಂಡೆಯ ಮೇಲೆ ಹಾದಿ ಕಾಣುವುದಿಲ್ಲ. ಒಂದರ ಮೇಲೊಂದು ಇಟ್ಟ ಮೂರು ಕಲ್ಲುಗಳ ಗುರುತು ಹಿಡಿದು ಹೋಗಿ. ಇಳಿಯುವ ಮೆಟ್ಟಿಲಿನ ಬಾಯಿ ಸಿಗುತ್ತದೆ.”

ಅವನ ಹಿಂದೆ ಹೆಂಡತಿ ಶಾಂತಿ. ಅವಳ ಹಿಂದೆ, ಸ್ವಲ್ಪ ದೂರ ಬಿಟ್ಟು, ಆ ಪುಟವನ್ನು ಬರೆದ ನೀಲಾಂಬಿಕೆ. ಗುಡ್ಡದ ಮೇಲೆ ದಟ್ಟ ಮಂಜು ಕವಿದಿತ್ತು.

ನೀಲಾಂಬಿಕೆ ಹಾಸನದ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸುತ್ತಾಳೆ. ಮಲ್ಲಿಪಟ್ಟಣದಿಂದ ಪಶ್ಚಿಮಕ್ಕೆ, ಘಟ್ಟದ ಅಂಚಿನವರೆಗೆ ಆರು ದಿನ ನಡೆಯುವ ಗುಡ್ಡದ ಹಾದಿಗೆ ಅವಳು ಕೈಪಿಡಿ ಮತ್ತು ನಕ್ಷೆ ಸಿದ್ಧಪಡಿಸಿದ್ದಳು. ಪುಟಗಳನ್ನು ಪರೀಕ್ಷಿಸಲು ಅವಳದೇ ಒಂದು ಕ್ರಮವಿತ್ತು. ಹಾದಿಯನ್ನು ಎಂದೂ ಕಾಣದ ಇಬ್ಬರು ಪುಸ್ತಕ ಹಿಡಿದು ನಡೆಯಬೇಕು. ಅವರ ಫೋನು ಅವಳ ಚೀಲದಲ್ಲಿರಬೇಕು. ಅವಳು ಹಿಂದೆ ಬರುತ್ತಾಳೆ, ಮಾತಾಡುವುದಿಲ್ಲ. ಅವರು ದಾರಿ ತಪ್ಪಿದರೆ ತಪ್ಪು ಪುಟದ್ದು.

ಉಳಿದ ಪುಟಗಳೆಲ್ಲ ಪಾಸಾಗಿದ್ದವು. ಗುರುವಾರ ಪುಸ್ತಕ ಅಚ್ಚಿಗೆ ಹೋಗಬೇಕು. ಡಿಸೆಂಬರಿನಲ್ಲಿ ಅವಳ ಇಪ್ಪತ್ತಾರು ವಿದ್ಯಾರ್ಥಿಗಳು, ಜೊತೆಗೆ ಯಾರೂ ಇಲ್ಲದೆ, ಇದೊಂದನ್ನೇ ನಂಬಿ ಹೊರಡುವವರಿದ್ದರು. ಈ ಬಂಡೆಯ ಪಶ್ಚಿಮದ ಅಂಚು ಪ್ರಪಾತ. ಹಾಗಾಗಿ ಹನ್ನೊಂದನೆಯ ಪುಟವನ್ನು ಅವಳು ಕೊನೆಗೆ ಇಟ್ಟುಕೊಂಡಿದ್ದಳು.

“ಎಷ್ಟು ಗುರುತು ಅಂತ ಬರ್ದವ್ರೆ?” ಎಂದಳು ಶಾಂತಿ.

“ಎಷ್ಟು ಅಂತಿಲ್ಲ. ಮೂರು ಕಲ್ಲು, ಅಷ್ಟೇಯ. ಅಗೋ, ಅಲ್ಲೊಂದು ಅದೆ ನೋಡು.”

ಅದರ ಆಚೆ ಇನ್ನೊಂದು, ಅದರ ಆಚೆ ಮತ್ತೊಂದು ಸಿಕ್ಕಿತು.

“ಪರವಾಗಿಲ್ಲ ಕಣೆ, ಮೇಡಂ ಗಜಕ್ಕೊಂದು ಇಟ್ಟವ್ರೆ. ಕಣ್ಣು ಮುಚ್ಕೊಂಡು ಓಗ್ಬೋದು.”

ಮಾರ್ಚಿನಲ್ಲಿ ನೀಲಾಂಬಿಕೆ ಇಟ್ಟಿದ್ದು ಐದೇ ಗುರುತು. ಆಗ ಬಂಡೆ ಬೋಳಾಗಿತ್ತು. ಈಗ ಮಂಜಿನೊಳಗೆ ಎಲ್ಲ ಕಡೆ ಕಲ್ಲಿನ ಮೇಲೆ ಕಲ್ಲು ಕಾಣುತ್ತಿತ್ತು. ಕಾರ್ತಿಕದ ಮೂರು ಸೋಮವಾರಗಳು ಕಳೆದಿದ್ದವು ಎಂಬುದು ಅವಳಿಗೆ ಆಗ ಹೊಳೆಯಿತು. ದೀಪ ಹಚ್ಚಲು ಗುಡ್ಡ ಹತ್ತಿದವರು ಸ್ವಂತ ಮನೆ ಆಗಲಿ ಎಂದು ಬೇಡಿಕೊಂಡು ಬಂಡೆಯ ಮೇಲೆ ಪುಟ್ಟ ಕಲ್ಲುಮನೆ ಕಟ್ಟಿ ಇಳಿಯುವುದು ಈ ಕಡೆಯ ರೂಢಿ. ಚಿಕ್ಕಂದಿನಲ್ಲಿ ಅಮ್ಮನ ಜೊತೆ ಅವಳೂ ಕಟ್ಟಿದ್ದಳು. ಗುರುತು ಇಡುವಾಗ ಅದು ನೆನಪಾಗಿರಲಿಲ್ಲ.

“ರೀ, ಇದ್ರಲ್ಲಿ ನಾಕು ಕಲ್ಲದೆ.”

“ಒಂದು ಎಕ್ಸ್‌ಟ್ರಾ ಬಿಡು.”

“ಇದ್ಕೆ ಬಾಗ್ಲು ಬ್ಯಾರೆ ಬಿಟ್ಟವ್ರೆ ಕಣ್ರೀ.”

ಧರ್ಮೇಂದ್ರ ಬಗ್ಗಿ ನೋಡಿದ. ಎರಡು ಕಲ್ಲಿನ ನಡುವೆ ಸಂದು, ಮೇಲೆ ಚಪ್ಪಟೆ ಕಲ್ಲು, ಅದರ ಮೇಲೆ ಇನ್ನೊಂದು ಅಂತಸ್ತು. “ಡೂಪ್ಲೆಕ್ಸು!” ಎಂದು ನಕ್ಕ. “ಮೇಡಂ, ನೀವು ಇಂಜಿನಿಯರ್ ಆಗ್ಬೇಕಿತ್ತು.”

ನೀಲಾಂಬಿಕೆ ನಿಯಮದಂತೆ ಆಕಾಶ ನೋಡಿದಳು.

ಅವನು ನಗುತ್ತಲೇ ಎಡಕ್ಕಿದ್ದ ಮುಂದಿನ ಕಲ್ಲುಮನೆಯ ಕಡೆ ಹೊರಟ. ಅದರಾಚೆ ಬಂಡೆ ಇಳಿಜಾರಾಗಿ, ಕೊನೆಗೆ ಇಲ್ಲವಾಗುತ್ತದೆ. ಮಂಜಿನಲ್ಲಿ ಬಂಡೆಗೂ ಬಯಲಿಗೂ ಒಂದೇ ಬಣ್ಣ.

“ಧರ್ಮೇಂದ್ರ, ನಿಲ್ಲಿ. ಅಲ್ಲೇ ನಿಲ್ಲಿ.”

ಅವನು ನಿಂತ. ಸ್ವಲ್ಪ ಹೊತ್ತಿಗೆ ಗಾಳಿ ಬೀಸಿ ಮಂಜು ಸರಿದಾಗ ಅವನ ಕಾಲಿನ ಮುಂದೆ, ಬಹಳ ಕೆಳಗೆ, ಮರಗಳ ನೆತ್ತಿ ಕಂಡಿತು. ಅವನು ಹಿಂದೆ ಹಿಂದೆ ಸರಿದು ಬಂದು ಕುಳಿತ.

“ಮೇಡಂ ಮಾತಾಡ್ಬುಟ್ರು,” ಎಂದಳು ಶಾಂತಿ. ಅವಳ ಕೈ ಗಂಡನ ಅಂಗಿಯನ್ನು ಹಿಡಿದೇ ಇತ್ತು. “ಅಂಗಾರೆ ನಾವು ಫೇಲಾ?”

“ನೀವಲ್ಲ. ಪುಟ. ನಾನಿಟ್ಟಿದ್ದು ಐದೇ ಗುರುತು, ಉಳಿದಿದ್ದೆಲ್ಲ ಹರಕೆಯ ಮನೆ.”

ಧರ್ಮೇಂದ್ರ ನೀರು ಕುಡಿದ. ಅರ್ಧ ಗದ್ದದ ಮೇಲೆ ಹರಿಯಿತು. ಮಂಜು ಪೂರ್ತಿ ಸರಿದಾಗ ಬಂಡೆಯ ಉದ್ದಕ್ಕೂ ಕಲ್ಲುಮನೆಗಳು ಕಂಡವು. “ಒಂದು ಲೇಔಟೇ ಅದಲ್ಲಪ್ಪ,” ಎಂದ. ಆಮೇಲೆ ಅವನಿಗೆ ಸಿಟ್ಟು ಬಂತು. ಎದ್ದು ಹತ್ತಿರದ ಮನೆಗೆ ಬೂಟು ಆನಿಸಿದ. “ಎಲ್ಲ ಕೆಡವ್ಬುಡಾಣ ಮೇಡಂ. ನಿಮ್ಮ ಐದು ಮಾತ್ರ ಇರ್ಲಿ.”

“ಕಾಲು ತೆಗೀರಿ,” ಎಂದಳು ಶಾಂತಿ.

“ಯಾಕೆ, ನಿಂದಾ ಅದು?”

“ಯಾರ್ದೋ ಮನೆ. ಗೋಡೆಗೆ ಮೊಳೆ ಒಡೀಬ್ಯಾಡಿ ಅಂತ ಓನರ್ ಅಂದಿದ್ಕೆ ಎಲ್ಡು ದಿನ ಊಟ ಬಿಟ್ಟೋರು ನೀವು. ಇನ್ನೊಬ್ರ ಮನೆ ಒದೀತೀರಾ?”

“ಒಂದೊತ್ತು ಕಣೆ ಬಿಟ್ಟಿದ್ದು,” ಎಂದು ಅವನು ಕಾಲು ತೆಗೆದ. ಚನ್ನರಾಯಪಟ್ಟಣದಲ್ಲಿ ಅವರದು ಬಾಡಿಗೆ ಮನೆ.

ಕೆಡವುವ ಯೋಚನೆ ನೀಲಾಂಬಿಕೆಗೂ ಬಂದಿತ್ತು. ಆದರೆ ಮರುದಿನ ಕಾರ್ತಿಕದ ಕೊನೆಯ ಸೋಮವಾರ; ಇಂದು ಕೆಡವಿದ್ದು ನಾಳೆ ಏಳುತ್ತದೆ. ಅವಳು ತನ್ನ ಐದು ಗುರುತುಗಳನ್ನು ಹುಡುಕಿದಳು. ಒಂದರ ಮೇಲೆ ಮಹಡಿ ಎದ್ದಿತ್ತು. ಇನ್ನೊಂದರ ಸುತ್ತ ಯಾರೋ ಸಣ್ಣ ಕಲ್ಲಿನ ಕಾಂಪೌಂಡು ಕಟ್ಟಿದ್ದರು. ಉಳಿದ ಮೂರು ಯಾವುವೆಂದು ಹೇಳಲು ಆಗಲಿಲ್ಲ. ಇಟ್ಟವಳಿಗೇ ತಿಳಿಯದ ಗುರುತು ಓದುವವರಿಗೆ ತಿಳಿಯುವುದಿಲ್ಲ. ಆ ಬಂಡೆಯ ಮೇಲೆ ಜನ ಕದಲಿಸಲಾಗದವು ಎರಡೇ: ದೀಪದ ಕಂಬ, ಬಂಡೆಯಲ್ಲೇ ಕಡಿದ ಮೆಟ್ಟಿಲು.

ಚೀಲದಿಂದ ದಿಕ್ಸೂಚಿ ಮತ್ತು ಟೇಪು ತೆಗೆದಳು. ಧರ್ಮೇಂದ್ರ ಕಂಬದ ಬುಡದಲ್ಲಿ ಟೇಪಿನ ತುದಿ ಹಿಡಿದ. ನೇರ ಗೆರೆ ಕಲ್ಲುಮನೆಗಳ ನಡುವೆ ಹೋಗುತ್ತಿತ್ತು. ಎರಡು ಕಡೆ ಮನೆ ಅಡ್ಡ ಬಂದಾಗ ಶಾಂತಿ ಟೇಪನ್ನು ಮಾಡಿನ ಮೇಲಿನಿಂದ ಎತ್ತಿ ದಾಟಿಸಿದಳು. ಅಳತೆ ಮುಗಿದ ಮೇಲೆ ನೀಲಾಂಬಿಕೆ ಹಳೆಯ ಸಾಲುಗಳನ್ನು ಹೊಡೆದುಹಾಕಿ ಹೊಸ ಸಾಲು ಬರೆದು, ಪುಟವನ್ನೂ ದಿಕ್ಸೂಚಿಯನ್ನೂ ಅವರಿಗೆ ಕೊಟ್ಟು ಮತ್ತೆ ಹಿಂದೆ ನಿಂತಳು. ಇಬ್ಬರೂ ಕಂಬದಿಂದ ಹೊರಟು, ಒಂದು ಸಲವೂ ತಿರುಗಿ ನೋಡದೆ, ಮೆಟ್ಟಿಲಿನ ಬಾಯಿಗೆ ಬಂದರು. ಅವಳು ಮಾತಾಡಬೇಕಾಗಲಿಲ್ಲ.

ಇಳಿಯುವ ಮೊದಲು ಶಾಂತಿ ದಾರಿಯಿಂದ ಬದಿಗೆ ಸರಿದು ಕೂತು ಕಲ್ಲು ಆರಿಸತೊಡಗಿದಳು.

“ನೀನೂ ಶುರು ಮಾಡ್ದಾ?” ಎಂದ ಧರ್ಮೇಂದ್ರ.

“ಸುಮ್ಕಿರಿ. ಬಾಗ್ಲು ಪೂರ್ವಕ್ಕೆ ಇರ್ಬೇಕು. ಪೂರ್ವ ಎತ್ಲಾಗೆ?”

“ನನ್ನ ಯಾಕೆ ಕೇಳ್ತೀಯ, ಕಂಪಾಸು ನಿನ್ ಕೈಲೇ ಅದಲ್ಲ.”

ಶಾಂತಿ ದಿಕ್ಸೂಚಿ ನೋಡಿ ಬಾಗಿಲು ಬಿಟ್ಟಳು. ಧರ್ಮೇಂದ್ರ ಚಪ್ಪಟೆ ಕಲ್ಲೊಂದನ್ನು ಹುಡುಕಿ ತಂದು ಮೇಲೆ ಹೊದಿಸಿದ.

ಗುರುವಾರ ಅಚ್ಚಿಗೆ ಹೋದ ಹನ್ನೊಂದನೆಯ ಪುಟ ಹೀಗಿತ್ತು: ಬಂಡೆಯ ಮೇಲಿನ ಕಲ್ಲುಗಳು ದಾರಿಯ ಗುರುತಲ್ಲ, ಜನರ ಹರಕೆ, ಮುಟ್ಟಬೇಡಿ. ದೀಪದ ಕಂಬದಿಂದ ಮೆಟ್ಟಿಲಿನ ಬಾಯಿಗೆ ದಿಕ್ಸೂಚಿಯಲ್ಲಿ 332 ಡಿಗ್ರಿ, ದೂರ 137 ಮೀಟರ್.