ನಿಂತರೆ ಕೂಗುವ ಹೆಲ್ಮೆಟ್ಟು

"ಏಯ್ ಹದಿನೇಳು, ಇದೇನು ನಿನ್ನ ತವರುಮನೆ ಜಗಲಿ ಅಂದ್ಕೊಂಡ್ಯಾ? ಎದ್ದು ಇಟ್ಟಿಗೆ ಹೊರೇ."

ಬೈಗುಳ ಬಂದದ್ದು, ಅತ್ತಿಗೆಯ ಜೊತೆ ಇಟ್ಟಿಗೆ ಹೊರಲು ಬಂದಿದ್ದ ನಾದಿನಿಯ ತಲೆಯ ಮೇಲಿದ್ದ ಹದಿನೇಳನೇ ನಂಬರಿನ ಹೆಲ್ಮೆಟ್ಟಿನೊಳಗಿಂದ. ಈ ಹೊಸ ಹೆಲ್ಮೆಟ್ಟುಗಳು ಬಂದು ವಾರವಾಗಿತ್ತಷ್ಟೆ. ಹಾಕಿಕೊಂಡವರು ಒಂದು ಕಡೆ ನಿಂತರೆ, ಕೆಳಗೆ ಗಾಜಿನ ಕೋಣೆಯಲ್ಲಿ ಕೂತ ಸೂಪರ್‌ವೈಸರನ ಪರದೆಯ ಮೇಲೆ ಅವರ ಚುಕ್ಕೆ ಕೆಂಪಾಗುತ್ತಿತ್ತು. ಅವನು ಕೂತಲ್ಲಿಂದಲೇ ಕಿವಿಗೆ ಉಗಿಯುತ್ತಿದ್ದ. ಮೊದಲೆಲ್ಲ ಅವನ ಕಣ್ಣು ತಪ್ಪಿಸಿ ಗೋಡೆಯ ಮರೆಯಲ್ಲಿ ಬೆನ್ನು ನೆಟ್ಟಗೆ ಮಾಡಿಕೊಳ್ಳಬಹುದಿತ್ತು. ಈಗ ಉಚ್ಚೆಗೆ ಕೂತರೂ ಬೈಗುಳ.

ನಾದಿನಿ ತುಂಬು ಬಸುರಿ. ಕಟ್ಟುತ್ತಿದ್ದ ಕಟ್ಟಡದ ಒಂಬತ್ತನೇ ಅಂತಸ್ತಿನಲ್ಲಿ, ನೀರಿನ ಡ್ರಮ್ಮಿಗೆ ಒರಗಿದವಳ ತುಟಿ ಬಿಳಿಚಿಕೊಂಡಿತ್ತು.

"ಸೊಂಟ ಹಿಡ್ಕೊಂಡಿದೆ ಅತ್ತಿಗೆ. ಒಂಚೂರು ಕೂತ್ರೆ ಸರಿಹೋಗತ್ತೆ."

ಅತ್ತಿಗೆಯನ್ನು ಎಲ್ಲರೂ ಕಡ್ಡಿ ಎನ್ನುತ್ತಿದ್ದರು. ನೋಡಲು ಹಾಗಿದ್ದರೂ ಎರಡಾಳಿನ ಹೊರೆ ಹೊರುವವಳು. ನಾದಿನಿಯ ಹೆಲ್ಮೆಟ್ಟು ಬಿಚ್ಚಿ ತನ್ನ ಸೊಂಟಕ್ಕೆ ಕಟ್ಟಿಕೊಂಡಳು.

"ಇಲ್ಲೇ ಬಿದ್ಕೊ. ನಿನ್ ಪಾಲಿಂದೂ ನಾನೇ ನಡೀತೀನಿ. ಅವನ ಬಾಯಿಗೆ ಮಣ್ಣು ಹಾಕ."

"ಕಡ್ಡಿಗೆ ಎರಡು ತಲೆ ಬಂದ್ವಲ್ಲಪ್ಪ" ಎಂದು ಕಂಬಿ ಕಟ್ಟುವವನು ನಕ್ಕ.

ಸೊಂಟದಿಂದ ದನಿ ಬಂತು: "ಹಾಂ, ಉಗಿದ ಮೇಲೆ ಕಾಲು ಬಂತು ನೋಡು ಮುಂಡೇದಕ್ಕೆ."

ಇಟ್ಟಿಗೆ ಇಳಿಸಿ ಮರಳಿದಾಗ, ಡ್ರಮ್ಮಿನ ಬುಡದ ನೀರಿಗೆ ರಕ್ತ ಕೂಡಿಕೊಂಡು ಹರಿಯುತ್ತಿತ್ತು.

"ಅತ್ತಿಗೆ, ಒಳಗೆ ಕೂಸು ಅಲ್ಲಾಡ್ತಾನೇ ಇಲ್ಲ."

ಸಾಮಾನಿನ ಲಿಫ್ಟು ಸೂಪರ್‌ವೈಸರ್ ಗುಂಡಿ ಒತ್ತದೆ ಬರುವಂತಿರಲಿಲ್ಲ. ಕಡ್ಡಿ ತನ್ನ ಹೆಲ್ಮೆಟ್ಟಿಗೇ ಕೂಗಿದಳು.

"ಸ್ವಾಮಿ, ಲಿಫ್ಟ್ ಕಳ್ಸಿ. ನಾದಿನಿಗೆ ರಕ್ತ ಹೋಗ್ತಿದೆ."

"ಯಾರ ಕಿವಿಗೆ ಹೂ ಇಡ್ತೀಯೇ? ಹದಿನೇಳು ಈಗ ತಾನೇ ಓಡಾಡ್ತಿತ್ತು. ಪರದೆ ಸುಳ್ಳು ಹೇಳತ್ತಾ?"

"ಅದು ನಾನು ಸ್ವಾಮಿ. ಅವಳದ್ದೂ ನಾನೇ ಕಟ್ಕೊಂಡು..."

"ಓಹೋ, ಮೋಸ ಬೇರೆ. ಇಬ್ರೂ ಮೆಟ್ಲಿಳಿದು ಬನ್ನಿ, ವಿಚಾರಿಸ್ಕೋತೀನಿ. ಹೊಸ ಯಂತ್ರ ನೋಡೋಕೆ ದೊಡ್ಡೋರು ಬಂದಿದ್ದಾರೆ, ಲಿಫ್ಟ್ ಅವರಿಗೆ ಬೇಕು."

ತಾನು ಹೊತ್ತು ತಿರುಗಿದ ಸುಳ್ಳು ತನ್ನ ಕೊರಳಿಗೇ ಉರುಳಾಗಿತ್ತು. ಕಡ್ಡಿ ಎರಡೂ ಹೆಲ್ಮೆಟ್ಟುಗಳನ್ನು ಬಿಸಾಡಿ, ನಾದಿನಿಯನ್ನು ಬೆನ್ನಿಗೆ ಹೇರಿಕೊಂಡು, ಹಿಡಿಯಲು ಕಟಾಂಜನವಿಲ್ಲದ ಮೆಟ್ಟಿಲು ಇಳಿಯತೊಡಗಿದಳು. ಕಂಬಿಯವನು ಹಿಂದೆಯೇ ಬಂದ. ಪ್ರತಿ ಅಂತಸ್ತಿನಲ್ಲೂ ಕೈಗಳು ನಿಂತವು, ಹೆಲ್ಮೆಟ್ಟುಗಳು ಬೈದವು. ಜನ ಅವನ್ನು ಕಳಚಿಟ್ಟು ಅವಳ ಹಿಂದೆ ಇಳಿದರು.

ಗೇಟಿನ ಬಳಿ ಸೂಪರ್‌ವೈಸರ್ ಅಡ್ಡ ನಿಂತಿದ್ದ. ಪಕ್ಕದಲ್ಲಿ ಇಸ್ತ್ರಿ ಬಟ್ಟೆಯ ಅತಿಥಿಗಳು.

"ಹೆಲ್ಮೆಟ್ ತೋರಿಸ್ದೆ ಗೇಟು ತೆಗೆಯಲ್ಲ. ಅದು ಯಂತ್ರದ ರೂಲು, ನಂದಲ್ಲ. ಮೇಲೆ ಹೋಗಿ ತಗೊಂಬಾ."

ಕಡ್ಡಿ ಅವನ ಮುಖ ನೋಡಲಿಲ್ಲ.

"ಅಣ್ಣಾ, ಹಾರೆ ತಗೊಂಬಾ" ಎಂದಳು.

ಕಂಬಿಯವನು ಗೇಟಿನ ಸಂದಿಗೆ ಹಾರೆ ತುರುಕಿದ. ಬಡಗಿ ಹೆಗಲು ಕೊಟ್ಟ. ಗಾರೆಯವರು ಬಂದು ಆತುಕೊಂಡರು.

"ಪೊಲೀಸ್ರನ್ನ ಕರೀತೀನಿ."

"ಕರಿ. ಬಾಯಿ ಇದ್ರೆ ಆಂಬುಲೆನ್ಸೂ ಕರಿ, ಬೋಳಿಮಗನೆ" ಎಂದಳು ಕಡ್ಡಿ.

ಗೇಟು ಕೀಲು ಸಮೇತ ಕಿತ್ತು ರಸ್ತೆಗೆ ಬಿತ್ತು. ಕಡ್ಡಿ ಅದನ್ನು ತುಳಿದುಕೊಂಡೇ ಹೊರಟಳು. ನಾದಿನಿಯ ಕೆನ್ನೆ ಅವಳ ಕತ್ತಿನ ಮೇಲೆ ತಣ್ಣಗೆ ಜಾರುತ್ತಿತ್ತು. ಎದುರಿಗೆ ಬಂದ ಮೊದಲ ಕಾರಿನ ಮುಂದೆ, ರಸ್ತೆಯ ನಟ್ಟನಡುವೆ ಅವಳು ನಿಂತಳು. ಕಾರಿನವನು ಹಾರ್ನ್ ಒತ್ತಿ ಹಿಡಿದ. ಅವಳು ಕದಲಲಿಲ್ಲ.