ಎಂಜಿನ್ ಕೆಟ್ಟ ಗ್ಲೈಡರ್

"ಎಪ್ಪಾ, ಜೀವ ಉಳೀತಲ್ಲೋ ನಿಂದು!" ಎನ್ನುತ್ತ ನಾಗಮ್ಮ ಕೈಯಲ್ಲಿದ್ದ ಕಳೆ ಕೀಳುವ ಕುರ್ಪಿ ಬಿಸಾಡಿ ಓಡಿ ಬಂದಳು.

ಗೋವಿಂದ ಗ್ಲೈಡರಿನ ಗಾಜಿನ ಮುಚ್ಚಳ ತೆರೆದು ಕೂತಲ್ಲೇ ಕೂತಿದ್ದ. ನೆಲಕ್ಕೆ ತಾಗುವಾಗ ಅವನು "ಯವ್ವಾ, ಸತ್ತೆ!" ಎಂದು ಚೀರಿದ್ದು ಅವಳಿಗೆ ಕೇಳಿಸಿತ್ತು. ವಿಜಾಪುರದ ಕಡೆಯಿಂದ ನಾಸಿಕದ ಹತ್ತಿರದ ನಿಫಾಡದ ದ್ರಾಕ್ಷಿ ತೋಟಗಳಿಗೆ ಕೂಲಿಗೆಂದು ಬಂದು ಇಲ್ಲೇ ನೆಲೆನಿಂತ ಮುದುಕಿ. ಆಕಾಶದಿಂದ ಇಳಿದವನು ತನ್ನ ಮಾತಿನವನೆಂದರೆ ಸಾಮಾನ್ಯವೇ!

ಹಳೆಯ ಕಾಲದ ಹಗುರ ಗ್ಲೈಡರ್ ಅದು. ಕಟ್ಟಿಗೆಯ ಎಲುಬು, ಮೇಲೆ ಬಟ್ಟೆ, ಎಂಜಿನ್ ಇಲ್ಲವೇ ಇಲ್ಲ. ಸೀಟೂ ಒಂದೇ, ಪಕ್ಕದಲ್ಲಿ ಕೂತು ಬುದ್ಧಿ ಹೇಳುವವರಿಗೆ ಜಾಗವಿಲ್ಲ. ಮನೆಮಾತು ಕನ್ನಡವಾದರೂ ಮರಾಠಿ ನಾಡಿನಲ್ಲೇ ಬೆಳೆದ ಗೋವಿಂದನಿಗೆ, ಸಂಭಾಜಿನಗರದಿಂದ ನಾಸಿಕದ ಬ್ಯಾಂಕಿಗೆ ವರ್ಗವಾಗಿ ಬಂದ ಮೇಲೆ ಹತ್ತಿದ ಹಾರಾಟದ ಹುಚ್ಚು ಅದು. ಈ ಗ್ಲೈಡರ್ ಸಣ್ಣ ಬಿಸಿಗಾಳಿಗೂ ಏರುತ್ತದೆ, ಆದರೆ ಎದುರುಗಾಳಿಗೆ ಮುಂದೆ ಸಾಗುವುದಿಲ್ಲ, ದೂರ ಹೋಗಬೇಡಿ ಎಂದು ಗ್ಲೈಡಿಂಗ್ ಕ್ಲಬ್ಬಿನ ಯಶವಂತ ಬೆಳಿಗ್ಗೆಯೇ ಎಚ್ಚರಿಸಿದ್ದ. ಗೋವಿಂದ ನಕ್ಕು ಹಾರಿದ್ದ. ಮರಳುವಾಗ ಗಾಳಿ ಎದುರಾಯಿತು. ಗ್ಲೈಡರಿನ ಮೂಗು ಬಗ್ಗಿಸಿ ವೇಗ ಕೂಡಿಸಿದಷ್ಟೂ ಎತ್ತರ ಸೋರಿಹೋಯಿತು. ಬೀಳು ಹೊಲ ಕಂಡು ಇಳಿಸಿದವನು ನಿಲ್ಲಿಸಲಾಗದೆ ನಾಗಮ್ಮನ ಉಳ್ಳಾಗಡ್ಡಿ ಸಸಿಮಡಿಯನ್ನು ಉಜ್ಜಿಕೊಂಡು ಹೋಗಿದ್ದ.

"ಮಶೀನ್ ಕೆಟ್ಟಿತೇನೋ ತಮ್ಮಾ?"

ಇಲ್ಲ ಎನ್ನಬೇಕಿತ್ತು. "ಹೂಂ ಯವ್ವಾ, ಒಮ್ಮಿಗೇ ಕೆಟ್ಟಿತು," ಎಂದುಬಿಟ್ಟ.

"ಸಸಿ ಹ್ವಾದ್ರ ಹೋಗಲಿ ಬಿಡು. ನೀ ಉಳದ್ಯಲ್ಲ!"

ಅವಳು ಉಪ್ಪು, ಮೆಣಸಿನಕಾಯಿ ತಂದು ಅವನಿಗೆ ದೃಷ್ಟಿ ತೆಗೆದಳು. ಚಹಾ ಮಾಡಿಕೊಟ್ಟಳು. ನಾಚಿಕೆಯಿಂದ ಮುಖ ಸುಡುತ್ತಿದ್ದರೂ ಗೋವಿಂದ ಅದನ್ನು ಕುಡಿದು, ಗ್ಲೈಡರ್ ಒಯ್ಯಲು ಬನ್ನಿ ಎಂದು ಯಶವಂತನಿಗೆ ಫೋನ್ ಮಾಡಿದ.

ಸಂಜೆ ಅವನ ಮಗಳು ರುಚಿತಾ ಯಶವಂತನೊಂದಿಗೆ ಟ್ರೇಲರ್ ತಂದಳು. ನಾಗಮ್ಮ ಹುಡುಗಿಯ ಕೈ ಹಿಡಿದುಕೊಂಡು, "ಮಶೀನ್ ಕೆಟ್ರೂ ಧೈರ್ಯಾ ಬಿಟ್ಟಿಲ್ಲವ್ವಾ ನಿಮ್ಮಪ್ಪ," ಎಂದಳು.

ರುಚಿತಾಗೆ ನಗು ಬಂತು, ಬಾಯಿಗೆ ಮೊದಲು ಮರಾಠಿಯೇ ಬಂತು. "ಅಜ್ಜೀ, ಹ್ಯಾಲಾ ಇಂಜಿನ್ ನಾಹೀಚ್... ಇದಕ್ಕ ಇಂಜಿನೇ ಇಲ್ಲ."

ನಾಗಮ್ಮ ಕೈ ಬಿಟ್ಟಳು. ಗೋವಿಂದನ ಮುಖ ನೋಡಿದಳು. ಭೂಮಿ ಬಾಯಿಬಿಟ್ಟು ನುಂಗಬಾರದೇ ಅನಿಸಿತು ಅವನಿಗೆ. "ಯವ್ವಾ, ನಂದ ತಪ್ಪಾತು," ಎನ್ನುತ್ತ ಸಸಿಮಡಿ ದಾಟಿ ಅವಳ ಕಡೆಗೆ ಹೋಗಲು ಹೆಜ್ಜೆ ಎತ್ತಿದ.

"ಅಲ್ಲಿ ಕಾಲ ಇಡಬ್ಯಾಡ್ರಿ, ಸಾಹೇಬ್ರ," ಎಂದಳು ನಾಗಮ್ಮ. "ಒಂದೀಟು ಸಸಿ ಉಳದಾವ್ರಿ."

ಗೋವಿಂದ ಕಾಲು ಹಿಂತೆಗೆದುಕೊಂಡ. ಅವಳು ಆಗಲೇ ಕುಕ್ಕರಗಾಲಿನಲ್ಲಿ ಕೂತು ಮಣ್ಣು ಸರಿಸುತ್ತಿದ್ದಳು.